ಜಿಲೇಬಿ ಮೀನಿಗೆ ಎಷ್ಟು ಹೆಸರು? ಮೀನು, ವನ್ಯಜೀವಿ ಅಧ್ಯಯನಕ್ಕೆ ಮಾಹಿತಿ ಹುಡುಕುವ ದಾರಿ

"ಸಾರ್, ನೀರುನಾಯಿ ಮೇಲೆ ಯಾರೂ ಏನೂ ಬರೆದೇ ಇಲ್ಲ ಸಾರ್."

ಹೀಗೆ ಹೇಳಿದವಳು ಶ್ರೀರಂಗಪಟ್ಟಣ ಕಡೆಯ ಹುಡುಗಿ. ಎಂಎಸ್ಸಿ ಪ್ರಾಣಿಶಾಸ್ತ್ರ, ಕೊನೆಯ ಸೆಮಿಸ್ಟರ್. ಕೆಆರ್‌ಎಸ್‌ನಿಂದ ಕೆಳಗೆ, ರಂಗನತಿಟ್ಟಿನ ಆಚೆ ಈಚೆ ಬಲೆ ಹಾಕುವವರಿಗೂ ನೀರುನಾಯಿಗೂ ಇರುವ ತಕರಾರು ಅವಳ ವಿಷಯ. ನಾನು ಮೈಸೂರಿನ ಒಂದು ಕಾಲೇಜು ಲೈಬ್ರರಿಯಲ್ಲಿ ಕೂರುವವನು. ಓದಿದ್ದು ಪ್ರಾಣಿಶಾಸ್ತ್ರವೇ. ಹಾಗಾಗಿ ಇಂಥ ದೂರುಗಳು ನೇರವಾಗಿ ನನ್ನ ಮೇಜಿಗೇ ಬರುತ್ತವೆ.

"ಏನಂತ ಟೈಪ್ ಮಾಡಿದೆಯಮ್ಮಾ?" ಎಂದೆ. ಫೋನ್ ತೋರಿಸಿದಳು. ಗೂಗಲ್‌ನಲ್ಲಿ ಇಂಗ್ಲಿಷಿನ ಎರಡೇ ಪದ: ಆಟರ್ (ಅಂದರೆ ನೀರುನಾಯಿ), ಶ್ರೀರಂಗಪಟ್ಟಣ. ಬಂದದ್ದು ಒಂದೆರಡು ರೆಸಾರ್ಟು, ಬೋಟಿಂಗ್ ಟಿಕೆಟ್ಟಿನ ದರ, ಯಾರದೋ ವಿಡಿಯೊ.

ಕಾಲು ಗಂಟೆ ಆದಮೇಲೆ ಅವಳ ಮುಂದೆ 2006ರ ಒಂದು ಪ್ರಬಂಧ ತೆರೆದುಕೊಂಡಿತ್ತು. ಬೆಂಗಳೂರಿನಿಂದ ಬರುವ 'ಕರೆಂಟ್ ಸೈನ್ಸ್' ಪತ್ರಿಕೆಯದು. ಕಾವೇರಿಯ ನೀರುನಾಯಿ ಎಂಥ ಜಾಗ ನೋಡಿಕೊಂಡು ಬೀಡು ಬಿಡುತ್ತದೆ ಅನ್ನುವುದೇ ಅದರ ವಿಷಯ. ಆದರೆ ಶೀರ್ಷಿಕೆಯಲ್ಲಿ ಶ್ರೀರಂಗಪಟ್ಟಣವೂ ಇಲ್ಲ, ಕಾವೇರಿಯೂ ಇಲ್ಲ. 'ದಕ್ಷಿಣ ಭಾರತದ ಒಂದು ನದಿ ವ್ಯವಸ್ಥೆ' ಅಂತ ಇದೆ, ಅಷ್ಟೇ. ಇನ್ನೊಂದು ತಮಾಷೆ ಅಂದರೆ ಪ್ರಾಣಿಯ ವೈಜ್ಞಾನಿಕ ಹೆಸರೂ ಈಗಿನದಲ್ಲ. ಈಗ ಎಲ್ಲರೂ ಬರೆಯೋದು ಲುಟ್ರೊಗೇಲ್ ಪರ್ಸ್ಪಿಸಿಲ್ಲೇಟ. ಆ ಪ್ರಬಂಧದಲ್ಲಿ ಇರುವುದು ಲುಟ್ರಾ ಪರ್ಸ್ಪಿಸಿಲ್ಲೇಟ.

ಅವಳಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ಜ್ಞಾನ ಜಾಸ್ತಿ ಏನೂ ಬೇಡ. ಟೈಪ್ ಮಾಡುವುದು ಮಾತ್ರ ಇಂಗ್ಲಿಷಿನಲ್ಲಿ, ಯಾಕೆಂದರೆ ಈ ಮಾಹಿತಿಯ ಕಣಜಗಳೆಲ್ಲ, ಅಂದರೆ ಡೇಟಾಬೇಸ್‌ಗಳೆಲ್ಲ, ಇರುವುದು ಇಂಗ್ಲಿಷಿನಲ್ಲಿ.

ಹೆಜ್ಜೆ 1: ಪ್ರಾಣಿಯ ಹೆಸರುಗಳನ್ನು ಗುಡ್ಡೆ ಹಾಕಿ

ಡೇಟಾಬೇಸ್ ಯಾವುದು ಅನ್ನುವುದು ಆಮೇಲಿನ ಮಾತು. ಮೊದಲು ಒಂದು ಬಿಳಿ ಹಾಳೆ ತಗೊಳ್ಳಿ. ನಿಮ್ಮ ಪ್ರಾಣಿಗೆ ಎಷ್ಟು ಹೆಸರಿದೆಯೋ ಅಷ್ಟನ್ನೂ ಬರೆಯಿರಿ. ಕನ್ನಡದ್ದು, ಇಂಗ್ಲಿಷಿನದು, ಈಗಿನ ವೈಜ್ಞಾನಿಕ ಹೆಸರು, ಹಳೆಯ ವೈಜ್ಞಾನಿಕ ಹೆಸರು. ಹೆಚ್ಚಿನವರು ಎಡವುವುದು ಈ ಕೊನೆಯದರಲ್ಲೇ.

ನಮ್ಮ ಕಡೆ ಕೆರೆಗಳಲ್ಲಿ ಜಿಲೇಬಿ ಅಂತೀವಲ್ಲ, ಆ ಮೀನನ್ನೇ ನೋಡಿ. ತಿಲಾಪಿಯ. 1952ರಲ್ಲಿ ಭಾರತಕ್ಕೆ ತಂದು ಬಿಟ್ಟದ್ದು. ಆಗ ಅದರ ಹೆಸರು ತಿಲಾಪಿಯ ಮೊಸಾಂಬಿಕ. ನಡುವೆ ಸರೋಥೆರೊಡಾನ್ ಮೊಸಾಂಬಿಕಸ್ ಆಯಿತು. ಈಗ ಓರಿಯೊಕ್ರೋಮಿಸ್ ಮೊಸಾಂಬಿಕಸ್. ಈಗಿನ ಹೆಸರೊಂದನ್ನೇ ಹಾಕಿ ಹುಡುಕಿದರೆ ಅದು ಬಂದ ಹೊಸದರಲ್ಲಿ ನಡೆದ ಕೆಲಸವೆಲ್ಲ ಬಲೆಯಿಂದ ಜಾರಿ ಹೋಗುತ್ತದೆ. ಕಾಟ್ಲಾದ್ದೂ ಅದೇ ಕಥೆ. ಹಳೆಯ ಪ್ರಬಂಧಗಳಲ್ಲಿ ಕಾಟ್ಲಾ ಕಾಟ್ಲಾ, ಕೆಲವರಲ್ಲಿ ಗಿಬೆಲಿಯಾನ್ ಕಾಟ್ಲಾ, ಇತ್ತೀಚಿನವರಲ್ಲಿ ಲೇಬಿಯೊ ಕಾಟ್ಲಾ. ಮಾರ್ಕೆಟ್ಟಿನಲ್ಲಿ ಮಾತ್ರ ಇವತ್ತಿಗೂ ಬರೀ ಕಾಟ್ಲಾ.

ಇದಕ್ಕಿಂತ ಗೋಜಲಿನದು ಕಾವೇರಿಯ ಡುಬ್ಬದ ಮಹಶೀರ್. ಭೀಮೇಶ್ವರಿ, ಗಾಲಿಬೋರೆ ಕಡೆ ಈ ಮೀನಿಗೆ ಗಾಳ ಹಾಕಲು ಸಮುದ್ರದಾಚೆಯಿಂದ ಜನ ಬರುತ್ತಿದ್ದರು. ಅಷ್ಟು ಹೆಸರುವಾಸಿ ಮೀನಿಗೆ 2018ರವರೆಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಆ ವರ್ಷ 'ಪ್ಲಾಸ್ ಒನ್' ಪತ್ರಿಕೆಯಲ್ಲಿ ಬಂದ ಪ್ರಬಂಧ ಅದನ್ನು ಟಾರ್ ರೇಮಾದೇವಿ ಅಂತ ಗುರುತಿಸಿತು. ಕಾವೇರಿಗೇ ಸೇರುವ ಕೇರಳದ ಪಾಂಬಾರ್ ಹೊಳೆಯ ಮಹಶೀರಿಗೆ 2007ರಲ್ಲಿ ಇಟ್ಟಿದ್ದ ಹೆಸರು ಅದು. ಅದಕ್ಕೂ ಹಿಂದಿನವರು ಕೆಲವರು ಟಾರ್ ಮುಸ್ಸುಲ್ಲಾ ಅಂತ ಬರೆದರು, ಕೆಲವರು ಸುಮ್ನೆ ಮಹಶೀರ್ ಅಂದು ಬಿಟ್ಟರು. ಸಾಲದ್ದಕ್ಕೆ, 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದ ಮರಿ ಕೇಂದ್ರದ ನೀಲಿ ರೆಕ್ಕೆಯ ಮಹಶೀರನ್ನೂ, ಅಂದರೆ ಟಾರ್ ಖುದ್ರಿಯನ್ನೂ, ಕಾವೇರಿಗೆ ತಂದು ಬಿಟ್ಟರು. ಹಳೆಯ ಪ್ರಬಂಧದಲ್ಲಿ 'ಕಾವೇರಿಯ ಮಹಶೀರ್' ಅಂತ ಕಂಡರೆ ಅದು ಇವೆರಡರಲ್ಲಿ ಯಾವುದು ಅಂತ ನೀವೇ ಪತ್ತೆ ಮಾಡಬೇಕು.

ಹಳೆಯ ಹೆಸರು ಎಲ್ಲಿ ಸಿಗುತ್ತದೆ? ಮೀನಾದರೆ ಫಿಶ್‌ಬೇಸ್. ಉಚಿತ. 35 ಸಾವಿರಕ್ಕೂ ಹೆಚ್ಚು ಜಾತಿಯ ಮೀನುಗಳಿವೆ. ಮೀನಿನ ಪುಟಕ್ಕೆ ಹೋಗಿ 'ಸಿನೊನಿಮ್ಸ್' ಅಂತ ಇರುವ ಕಡೆ ಒತ್ತಿ, ಹಳೆಯ ಹೆಸರುಗಳ ಪಟ್ಟಿ ಬರುತ್ತದೆ. ಅಲ್ಲೇ ಬೇರೆ ಬೇರೆ ಭಾಷೆಗಳ ಹೆಸರೂ ಇವೆ. ಆದರೆ ಕನ್ನಡದ ಹೆಸರನ್ನು ಕಣ್ಣು ಮುಚ್ಚಿ ನಂಬಬೇಡಿ. ಕರಾವಳಿಯ ಹೆಸರು, ಕೊಡಗಿನ ಹೆಸರು, ನಮ್ಮ ಕಡೆಯ ಹೆಸರು ಎಲ್ಲ ಒಂದೇ ಗಂಟಿನಲ್ಲಿ ಇರುತ್ತವೆ. ಹೆಸರಿನ ಬಗ್ಗೆ ವಾದ ಎದ್ದರೆ ಕ್ಯಾಲಿಫೋರ್ನಿಯ ಅಕಾಡೆಮಿ ಆಫ್ ಸೈನ್ಸಸ್ ನಡೆಸುವ ಎಶ್‌ಮೇಯರ್ ಕ್ಯಾಟಲಾಗ್ ಆಫ್ ಫಿಶಸ್ ನೋಡಿ. ಸೀಗಡಿ, ಏಡಿ, ಕಪ್ಪೆಚಿಪ್ಪಿಗೆ ಸೀಲೈಫ್‌ಬೇಸ್. ಉಳಿದ ಪ್ರಾಣಿಗಳಿಗೆ ಕ್ಯಾಟಲಾಗ್ ಆಫ್ ಲೈಫ್ ಸಾಕು.

ಹೆಜ್ಜೆ 2: ಊರಿನ ಹೆಸರಿನ ಕಾಗುಣಿತ

ಇಲ್ಲಿ ನನ್ನದೇ ಮರ್ಯಾದೆ ಹೋದ ಕಥೆ ಹೇಳಬೇಕು. ನಾನು ಎಂಎಸ್ಸಿ ಮಾಡುವಾಗ ನಮ್ಮೂರ ಹತ್ತಿರದ ಒಂದು ಕೆರೆಯ ಮೀನುಗಳ ಮೇಲೆ ಪ್ರಾಜೆಕ್ಟ್ ಬರೆದೆ. ಮೊದಲ ಪುಟದಲ್ಲೇ ಎದೆಯುಬ್ಬಿಸಿಕೊಂಡು ಬರೆದಿದ್ದೆ: 'ಈ ಕೆರೆಯ ಬಗ್ಗೆ ಇದುವರೆಗೆ ಯಾವ ಅಧ್ಯಯನವೂ ನಡೆದಿಲ್ಲ.' ವೈವಾ ದಿನ ಹೊರಗಿನಿಂದ ಬಂದ ಮೇಷ್ಟ್ರು ಆ ಸಾಲಿನ ಮೇಲೆ ಬೆರಳಿಟ್ಟರು. "ಹುಡುಕಿದ್ಯೇನಪ್ಪಾ?" ಎಂದರು. "ಹುಡುಕಿದೆ ಸಾರ್" ಎಂದೆ. ಅವರದೇ ಶಿಷ್ಯನೊಬ್ಬ ಹತ್ತು ವರ್ಷದ ಹಿಂದೆ ಅದೇ ಕೆರೆಯ ಮೇಲೆ ಪಿಎಚ್‌ಡಿ ಮಾಡಿದ್ದ. ಊರಿನ ಹೆಸರಿನ ಕೊನೆಯಲ್ಲಿ ಅವನು ಇಂಗ್ಲಿಷಿನಲ್ಲಿ ಒಂದು ಅಕ್ಷರ ಜಾಸ್ತಿ ಹಾಕಿದ್ದ. ನಾನು ಕಮ್ಮಿ ಹಾಕಿದ್ದೆ. ಅಷ್ಟೇ ವ್ಯತ್ಯಾಸ.

ಹಾಗಾಗಿ ಅದೇ ಹಾಳೆಯ ಇನ್ನೊಂದು ಬದಿಯಲ್ಲಿ ಊರು, ಹೊಳೆ, ಕೆರೆಯ ಹೆಸರಿನ ಎಲ್ಲ ಕಾಗುಣಿತ ಬರೆದುಕೊಳ್ಳಿ. ಕಾವೇರಿಯನ್ನು ಇಂಗ್ಲಿಷಿನಲ್ಲಿ ಸಿ ಅಕ್ಷರದಿಂದಲೂ ಬರೆಯುತ್ತಾರೆ, ಕೆ ಅಕ್ಷರದಿಂದಲೂ ಬರೆಯುತ್ತಾರೆ. ಶ್ರೀರಂಗಪಟ್ಟಣ ಬ್ರಿಟಿಷರ ಬಾಯಲ್ಲಿ ಸೆರಿಂಗಪಟಮ್. ಕಬಿನಿ, ಕಬ್ಬಿಣಿ, ಕಪಿಲಾ ಮೂರೂ ಒಂದೇ ಹೊಳೆ. ಕೆಆರ್‌ಎಸ್ ಅಂತ ಮೂರಕ್ಷರ ಹಾಕಿದರೆ ಸಾಲದು, ಕೃಷ್ಣರಾಜಸಾಗರ ಅಂತಲೂ ಹಾಕಬೇಕು, 'ಕೃಷ್ಣರಾಜ ಸಾಗರ್' ಅಂತ ಬಿಡಿಸಿಯೂ ಹಾಕಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಂತೂ ಒಂದೊಂದು ಪ್ರಬಂಧದಲ್ಲಿ ಒಂದೊಂದು ಥರ: ಕೊಕ್ಕರೆಬೆಳ್ಳೂರ್, ಕೊಕ್ರೆಬೆಲ್ಲೂರ್, ಎರಡು ಪದ, ಒಂದು ಪದ. ಅಲ್ಲಿನ ಹೆಜ್ಜಾರ್ಲೆಗಳಿಗೆ (ಪೆಲಿಕನ್ ಹಕ್ಕಿಗಳಿಗೆ) ಇದರಿಂದ ಏನೂ ತೊಂದರೆ ಇಲ್ಲ, ಹುಡುಕುವವರಿಗೆ ಇದೆ.

ಮೈಸೂರು ಅನ್ನುವ ಪದಕ್ಕೆ ಇನ್ನೊಂದು ಎಚ್ಚರಿಕೆ. 2014ರಿಂದ ಇಂಗ್ಲಿಷಿನಲ್ಲೂ ಮೈಸೂರು. ಅದಕ್ಕೆ ಮುಂಚೆ ಮೈಸೋರ್. 1973ರ ನವೆಂಬರ್‌ವರೆಗೆ ನಮ್ಮ ರಾಜ್ಯದ ಹೆಸರೇ ಮೈಸೂರು. ಆದ್ದರಿಂದ ಹಳೆಯ ಪ್ರಬಂಧದಲ್ಲಿ ಮೈಸೂರಿನ ಮೀನುಗಳು ಅಂತ ಇದ್ದರೆ ಅದು ಶಿವಮೊಗ್ಗದ ತುಂಗೆಯ ಮೀನೂ ಆಗಿರಬಹುದು. ಮಂಡ್ಯ ಬೇರೆ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೆ ಹಿಂದಿನ ದಾಖಲೆಗಳಲ್ಲಿ ನಾಗಮಂಗಲವಾಗಲಿ ಮಳವಳ್ಳಿಯಾಗಲಿ ಮೈಸೂರು ಜಿಲ್ಲೆಯ ಲೆಕ್ಕದಲ್ಲೇ ಸಿಗುವುದು.

ಹೆಜ್ಜೆ 3: ಗೂಗಲ್ ಸ್ಕಾಲರ್‌ನಿಂದ ಶುರು ಮಾಡಿ, ಅಲ್ಲೇ ಕೂರಬೇಡಿ

ಗೂಗಲ್ ಬೇರೆ, ಗೂಗಲ್ ಸ್ಕಾಲರ್ ಬೇರೆ. 2004ರಲ್ಲಿ ಶುರುವಾದ ಸ್ಕಾಲರ್ ಹುಡುಕುವುದು ಪ್ರಬಂಧ, ಥೀಸಿಸ್, ವರದಿಗಳ ಒಳಗೆ. ಎರಡು ಮೂರು ಉಪಾಯ ಗೊತ್ತಿದ್ದರೆ ಸಾಕು. ಪೂರ್ತಿ ವೈಜ್ಞಾನಿಕ ಹೆಸರನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿ. ಹಳೆ ಹೆಸರು, ಹೊಸ ಹೆಸರಿನ ನಡುವೆ ಇಂಗ್ಲಿಷಿನ ಆರ್ ಪದವನ್ನು ದೊಡ್ಡಕ್ಷರದಲ್ಲಿ ಹಾಕಿ, ಎರಡರಲ್ಲಿ ಯಾವುದಿದ್ದರೂ ತೋರಿಸುತ್ತದೆ. ಬೇಡದ ಪದ ಶುರುವಾಗುವ ಮೊದಲು, ಜಾಗ ಬಿಡದೆ, ಒಂದು ಮೈನಸ್ ಗುರುತು ಹಾಕಿ, ಆ ಪದ ಇರುವುದೆಲ್ಲ ಪಕ್ಕಕ್ಕೆ ಹೋಗುತ್ತದೆ.

ಈ ಮೈನಸ್ ಎಷ್ಟು ಉಪಯೋಗ ಅಂತ ಅವತ್ತೇ ಗೊತ್ತಾಯಿತು. ಆ ಹುಡುಗಿ ಆಟರ್ ಜೊತೆಗೆ ಫಿಶರೀಸ್ ಅಂತ ಹಾಕಿದಳು. ರಾಶಿ ರಾಶಿ ಬಂತು. ಖುಷಿಯೋ ಖುಷಿ. ತೆರೆದು ನೋಡಿದರೆ ಎಲ್ಲ ಸಮುದ್ರದ ಕಥೆ. ಆಟರ್ ಟ್ರಾಲ್ ಅಂತ ಒಂದು ಬಲೆ ಇದೆ. ನೀರೊಳಗೆ ಬಲೆಯ ಬಾಯಿ ಅಗಲವಾಗಿರಲೆಂದು ಎರಡು ಕಡೆ ಹಲಗೆ ಕಟ್ಟುತ್ತಾರೆ, ಅದಕ್ಕೆ ಆಟರ್ ಬೋರ್ಡ್ ಅನ್ನುತ್ತಾರೆ. ಮೀನುಗಾರಿಕೆಯ ಯಾವ ಕಣಜಕ್ಕೆ ಹೋದರೂ ನೀರುನಾಯಿಗಿಂತ ಮೊದಲು ಈ ಹಲಗೆಯೇ ಎದುರಾಗುತ್ತದೆ. ಟ್ರಾಲ್ ಪದಕ್ಕೆ ಮೈನಸ್ ಹಾಕಿದೆವು, ಆಟರ್ ಬದಲು ಲ್ಯಾಟಿನ್ ಹೆಸರು, ಅಂದರೆ ವೈಜ್ಞಾನಿಕ ಹೆಸರು, ಹಾಕಿದೆವು, ಆಗ ನೀರುನಾಯಿ ತಲೆ ಎತ್ತಿತು.

ಒಂದು ಒಳ್ಳೆ ಪ್ರಬಂಧ ಸಿಕ್ಕಿತು ಅಂದರೆ ಅಲ್ಲಿಂದ ಎರಡು ದಿಕ್ಕಿಗೆ ಹೋಗಿ. ಹಿಂದಕ್ಕೆ ಹೋಗಲು ಅದರ ಕೊನೆಯಲ್ಲಿರುವ ಆಕರ ಪಟ್ಟಿ. ಮುಂದಕ್ಕೆ ಹೋಗಲು ಅದರ ಕೆಳಗೆ ಕಾಣುವ 'ಸೈಟೆಡ್ ಬೈ'. ಅದನ್ನು ಒತ್ತಿದರೆ ಆಮೇಲೆ ಯಾರ್ಯಾರು ಆ ಕೆಲಸವನ್ನು ಹೆಸರಿಸಿದ್ದಾರೆ ಅಂತ ಬರುತ್ತದೆ. ನನ್ನ ಅನುಭವದಲ್ಲಿ ಅರ್ಧ ಕೆಲಸ ಆಗುವುದೇ ಹೀಗೆ.

ಸ್ಕಾಲರ್‌ನ ಕೊರತೆ ಏನೆಂದರೆ, ಅದು ಏನನ್ನು ಸೇರಿಸಿಕೊಂಡಿದೆ, ಏನನ್ನು ಬಿಟ್ಟಿದೆ ಅಂತ ಎಲ್ಲೂ ಪಟ್ಟಿ ಕೊಡುವುದಿಲ್ಲ. ಇಲಾಖೆಯ ವರದಿ, ಹಳೆಯ ಬುಲೆಟಿನ್, ಸಣ್ಣ ಪತ್ರಿಕೆಗಳು ಎಷ್ಟೋ ಸಲ ತಪ್ಪಿಹೋಗುತ್ತವೆ. ಅದಕ್ಕೇ ಮುಂದಿನ ಹೆಜ್ಜೆ.

ಹೆಜ್ಜೆ 4: ಮೀನು, ಮೀನುಗಾರಿಕೆ, ಮೀನು ಸಾಕಣೆಗೆ

ಈ ಕ್ಷೇತ್ರದ ದೊಡ್ಡ ಕಣಜ ಆಸ್ಫಾ. ಅಕ್ವಾಟಿಕ್ ಸೈನ್ಸಸ್ ಅಂಡ್ ಫಿಶರೀಸ್ ಆಬ್‌ಸ್ಟ್ರಾಕ್ಟ್ಸ್ ಅನ್ನುವುದರ ಚಿಕ್ಕ ಹೆಸರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಮುಂದೆ ನಿಂತು 1971ರಿಂದ ನಡೆಸುತ್ತಿದೆ. ಬಹಳ ಕಾಲ ದುಡ್ಡು ಕಟ್ಟಿದ ಲೈಬ್ರರಿಗಳಿಗೆ ಮಾತ್ರ ಇದು ಸಿಗುತ್ತಿತ್ತು. ಈಗ ಓಪನ್‌ಆಸ್ಫಾ ಅಂತ ಉಚಿತವಾಗಿ ತೆರೆದಿದೆ. ಪೂರ್ತಿ ಪ್ರಬಂಧ ಎಲ್ಲದಕ್ಕೂ ಇರುವುದಿಲ್ಲ, ಸಾರಾಂಶ ಮತ್ತು ಎಲ್ಲಿ ಸಿಗುತ್ತದೆ ಅನ್ನುವ ವಿವರ ಇರುತ್ತದೆ. ಇದರ ಜೊತೆಗೇ ಅಕ್ವಾಡಾಕ್ಸ್ ನೋಡಿ. ಅಲ್ಲಿ ವರದಿಗಳು, ಹಳೆಯ ಪುಸ್ತಿಕೆಗಳು ಪೂರ್ತಿಯಾಗಿ ಇಳಿಸಿಕೊಳ್ಳಲು ಸಿಗುತ್ತವೆ. ಕೃಷಿಯ ಕಡೆಯಿಂದ ಬರುವವರಿಗೆ ಎಫ್‌ಎಒದ್ದೇ ಆಗ್ರಿಸ್ ಇದೆ, ಅದೂ ಉಚಿತ.

ಎಬ್‌ಸ್ಕೊ ಕಂಪನಿಯ 'ಫಿಶ್, ಫಿಶರೀಸ್ ಅಂಡ್ ಅಕ್ವಾಟಿಕ್ ಬಯೋಡೈವರ್ಸಿಟಿ ವರ್ಲ್ಡ್‌ವೈಡ್', ಕ್ಯಾಬಿ ಸಂಸ್ಥೆಯ 'ಕ್ಯಾಬ್ ಆಬ್‌ಸ್ಟ್ರಾಕ್ಟ್ಸ್' ಎರಡೂ ಒಳ್ಳೆಯವೇ. ಆದರೆ ಚಂದಾ ಬೇಕು. ನಿಮ್ಮ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಇದೆಯಾ ಅಂತ ಒಂದು ಮಾತು ಕೇಳಿ. ಇಲ್ಲ ಅಂದರೆ ತಲೆ ಕೆಡಿಸಿಕೊಳ್ಳಬೇಡಿ.

ಯಾಕೆಂದರೆ ಕೆಆರ್‌ಎಸ್, ಕಬಿನಿ, ನಮ್ಮ ಕೆರೆಗಳ ಬಗ್ಗೆ ಬೇಕಾದದ್ದು ಹೆಚ್ಚಾಗಿ ಇರುವುದು ನಮ್ಮ ದೇಶದ ಕಪಾಟುಗಳಲ್ಲೇ. 'ಇಂಡಿಯನ್ ಜರ್ನಲ್ ಆಫ್ ಫಿಶರೀಸ್' 1954ರಿಂದ ಬರುತ್ತಿದೆ, ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಇ-ಪ್ರಕಟಣೆ ತಾಣದಲ್ಲಿ ಉಚಿತವಾಗಿ ಓದಬಹುದು. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ತನ್ನ ಪ್ರಕಟಣೆಗಳನ್ನೆಲ್ಲ ಒಂದು ಕಡೆ ಇಟ್ಟಿದೆ, ಹೆಚ್ಚಿನದು ಸಮುದ್ರದ್ದು. ಹೊಳೆ, ಜಲಾಶಯಕ್ಕೆ ಬ್ಯಾರಕ್‌ಪುರದ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಐಎಫ್‌ಆರ್‌ಐ). ಸಿಹಿನೀರಿನ ಸಾಕಣೆಗೆ ಭುವನೇಶ್ವರದ ಸಿಫಾ ಸಂಸ್ಥೆ. ಜಲಾಶಯದ ಮೇಲೆ ಕೆಲಸ ಮಾಡುವವರು ಎಫ್‌ಎಒದ 345ನೇ ಫಿಶರೀಸ್ ಟೆಕ್ನಿಕಲ್ ಪೇಪರನ್ನು ಬಿಡಬಾರದು. 1995ರದು, ಭಾರತದ ಜಲಾಶಯಗಳ ಮೀನುಗಾರಿಕೆ ಬಗ್ಗೆ. ಹಳೆಯದಾಯಿತು, ನಿಜ. ಆದರೆ ಆಗ ಹೇಗಿತ್ತು ಅಂತ ಗೊತ್ತಿಲ್ಲದೆ ಈಗ ಏನು ಬದಲಾಗಿದೆ ಅಂತ ಹೇಗೆ ಬರೆಯುತ್ತೀರಿ?

ಮೀನು ಹಿಡಿದ ಮೇಲಿನ ವಿಷಯ, ಅಂದರೆ ಒಣಗಿಸುವುದು, ಉಪ್ಪಿನಕಾಯಿ, ಕೆಡದಂತೆ ಇಡುವುದು ನಿಮಗೆ ಬೇಕಿದ್ದರೆ ಮೈಸೂರಿನಲ್ಲೇ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಇದೆ. ಅವರ ಪ್ರಬಂಧಗಳ ಆನ್‌ಲೈನ್ ಭಂಡಾರವನ್ನು ಮೊದಲು ನೋಡಿ. ಪಕ್ಕದ ಮನೆಯಲ್ಲಿ ಇರುವುದನ್ನು ನಾರ್ವೆಯಲ್ಲಿ ಹುಡುಕುವ ಮಕ್ಕಳನ್ನು ನೋಡಿ ನೋಡಿ ಸಾಕಾಗಿದೆ ನನಗೆ.

ಹೆಜ್ಜೆ 5: ಥೀಸಿಸ್ ಎಂಬ ಗಣಿ

ಮಳವಳ್ಳಿ ಹತ್ತಿರ ನಮ್ಮ ಭಾವ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದಾರೆ. ಒಂದು ಭಾನುವಾರ ಫೋನ್ ಮಾಡಿದರು. "ಮೀನು ದಪ್ಪನೇ ಆಯ್ತಿಲ್ಲ ಕಣಪ್ಪ. ಬರೀ ತೌಡು, ಹಿಂಡಿ ಹಾಕ್ತಾ ಇವ್ನಿ. ನಿಮ್ ಪುಸ್ತಕದೊಳ್ಗೆ ಇದುಕ್ಕೇನಾರ ಬರ್ದವರಾ?"

"ಇರ್ತದೆ ಭಾವ, ನೋಡ್ತೀನಿ" ಎಂದೆ.

ಇಂಥ ಪ್ರಶ್ನೆಗೆ ದೊಡ್ಡ ಪತ್ರಿಕೆಗಳು ಉಪಯೋಗಕ್ಕೆ ಬರುವುದು ಕಮ್ಮಿ. ಉತ್ತರ ಇರುವುದು ಥೀಸಿಸ್‌ಗಳಲ್ಲಿ. ಎಷ್ಟು ಹಿಂಡಿ, ಎಷ್ಟು ತೌಡು, ಹೊಂಡದ ಆಳ ಎಷ್ಟು, ಎಷ್ಟು ದಿನಕ್ಕೆ ಎಷ್ಟು ಗ್ರಾಂ ಬಂತು ಎಂದು ಕೋಷ್ಟಕ ಸಮೇತ ಬರೆದಿರುತ್ತಾರೆ. ಪ್ರಬಂಧದಲ್ಲಿ ಅದು ಎರಡು ಸಾಲಿಗೆ ಇಳಿದುಬಿಡುತ್ತದೆ.

ಥೀಸಿಸ್‌ಗೆ ಎರಡು ಜಾಗ. ಒಂದು ಶೋಧಗಂಗಾ. ಯುಜಿಸಿಯ ಲೈಬ್ರರಿ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಇದರಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿಗಳು ಇವೆ, ಮೈಸೂರು ವಿಶ್ವವಿದ್ಯಾಲಯದ್ದೂ ಇವೆ. ಒಂದು ಥೀಸಿಸ್ ಹತ್ತು ಹನ್ನೆರಡು ಫೈಲುಗಳಾಗಿ ಒಡೆದು ಕೂತಿರುತ್ತದೆ. ನೀವು ಪೂರ್ತಿ ಇಳಿಸುವ ಗೋಜಿಗೆ ಹೋಗಬೇಡಿ. ಮೊದಲು 'ರಿವ್ಯೂ ಆಫ್ ಲಿಟರೇಚರ್' ಅಧ್ಯಾಯ ತೆಗೆಯಿರಿ. ನಿಮಗೆ ಮುಂಚೆ ಇನ್ನೊಬ್ಬರು ಮೂರು ವರ್ಷ ಕೂತು ಹುಡುಕಿದ್ದು ಅಲ್ಲಿ ಇರುತ್ತದೆ. ಅದನ್ನು ನಕಲು ಹೊಡೆಯಲು ಅಲ್ಲ, ದಾರಿ ಹಿಡಿಯಲು.

ಎರಡನೆಯದು ಕೃಷಿಕೋಶ. ಕೃಷಿ, ಪಶು, ಮೀನುಗಾರಿಕೆ ಕಾಲೇಜುಗಳ ಎಂಎಸ್ಸಿ, ಎಂಎಫ್‌ಎಸ್ಸಿ ಥೀಸಿಸ್‌ಗಳೂ ಇಲ್ಲಿ ಸಿಗುತ್ತವೆ. ಒಂದು ಗುಟ್ಟು ಹೇಳುತ್ತೇನೆ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗಿದೆ. ಮುಂಚೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು. ಹಾಗಾಗಿ ಹಳೆಯ ಥೀಸಿಸ್ ಬೇಕಾದರೆ ಬೆಂಗಳೂರಿನ ಹೆಸರಿನಲ್ಲೂ ಹುಡುಕಬೇಕು. ಕೆಲವು ಪೂರ್ತಿ ತೆರೆಯುವುದಿಲ್ಲ. ಅಂಥದ್ದಕ್ಕೆ ಆ ಕಾಲೇಜಿನ ಲೈಬ್ರರಿಗೆ ಒಂದು ಇಮೇಲ್ ಬರೆದು ನೋಡಿ.

ಭಾವನಿಗೆ ಎರಡು ಥೀಸಿಸ್‌ನ ಕೋಷ್ಟಕ ಓದಿ ಹೇಳಿದೆ. "ಅದೆಲ್ಲ ಸರಿ, ಎಲ್ಡೇ ಸಾಲ್‌ನಾಗೆ ಹೇಳು" ಎಂದರು. ಹಿಂಡಿ, ತೌಡಿಗಿಂತ ಮೊದಲು ನೋಡಬೇಕಾದ್ದು ಹೊಂಡಕ್ಕೆ ಎಷ್ಟು ಮರಿ ಬಿಟ್ಟಿದ್ದೀರಿ ಅನ್ನುವುದು ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೆಕ್ಕಕ್ಕಿಂತ ಬಹಳ ಜಾಸ್ತಿಯೇ ಬಿಟ್ಟಿದ್ದರು.

ಹೆಜ್ಜೆ 6: ವನ್ಯಜೀವಿಗೆ

ಪ್ರಾಣಿಶಾಸ್ತ್ರದ ಅತ್ಯಂತ ಹಳೆಯ ಸೂಚಿ 'ಜುವಾಲಜಿಕಲ್ ರೆಕಾರ್ಡ್'. 1864ರಿಂದ ಇದೆ. ಈಗ ವೆಬ್ ಆಫ್ ಸೈನ್ಸ್ ಅನ್ನುವ ಕಣಜದ ಮೂಲಕ, ಚಂದಾ ಕಟ್ಟಿದವರಿಗೆ ಸಿಗುತ್ತದೆ. ಅಮೆರಿಕದಲ್ಲಿ 1935ರಲ್ಲಿ ಶುರುವಾದ 'ವೈಲ್ಡ್‌ಲೈಫ್ ರಿವ್ಯೂ' ಅನ್ನುವ ಸಾರಾಂಶ ಪತ್ರಿಕೆಯೂ ಈಗ ಎಬ್‌ಸ್ಕೊದ 'ವೈಲ್ಡ್‌ಲೈಫ್ ಅಂಡ್ ಇಕಾಲಜಿ ಸ್ಟಡೀಸ್ ವರ್ಲ್ಡ್‌ವೈಡ್' ಒಳಗೆ ಸೇರಿದೆ. ಸಿಕ್ಕರೆ ಬಿಡಬೇಡಿ.

ಸಿಗದಿದ್ದರೆ ಇಲ್ಲಿಗೆ ಹೋಗಿ. 'ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ' ಕೊಯಮತ್ತೂರಿನಿಂದ ಬರುತ್ತದೆ, ಪೂರ್ತಿ ಉಚಿತ. ನಮ್ಮ ಕಡೆಯ ಹಕ್ಕಿ, ಕಪ್ಪೆ, ಮೀನು, ಚಿಟ್ಟೆಯ ಪಟ್ಟಿಗಳಿಗೆ ಇದಕ್ಕಿಂತ ಒಳ್ಳೆ ಜಾಗ ನಾನು ನೋಡಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್ 1886ರದು. ಅದರ ಹಳೆಯ ಸಂಪುಟಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಪುಟ ಪುಟವಾಗಿ ಸಿಗುತ್ತವೆ. ಅಲ್ಲಿ ಹುಡುಕುವಾಗ ಮಾತ್ರ ಹೆಜ್ಜೆ 1ರ ಹಳೆಯ ಹೆಸರು, ಹೆಜ್ಜೆ 2ರ ಸೆರಿಂಗಪಟಮ್ ಎರಡೂ ಬೇಕೇ ಬೇಕು. 'ಕರೆಂಟ್ ಸೈನ್ಸ್' ಹಳೆಯ ಸಂಚಿಕೆಗಳೂ ಉಚಿತ. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ (ಝೆಡ್‌ಎಸ್‌ಐ), ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯ ತಾಣಗಳಲ್ಲಿ ವರದಿಗಳಿವೆ. ಮೈಸೂರಿನಲ್ಲೇ 1996ರಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ತನ್ನ ಪ್ರಕಟಣೆಗಳ ಪಟ್ಟಿಯನ್ನು ತನ್ನ ತಾಣದಲ್ಲಿ ಇಟ್ಟಿದೆ.

ಹೆಜ್ಜೆ 7: ಪ್ರಬಂಧ ಬೇರೆ, ದಾಖಲೆ ಬೇರೆ

ಕೆಲವರಿಗೆ ಬೇಕಿರುವುದು ಪ್ರಬಂಧ ಅಲ್ಲ. ಯಾವ ಪ್ರಾಣಿ, ಯಾವತ್ತು, ಎಲ್ಲಿ ಕಂಡಿತು ಅನ್ನುವ ದಾಖಲೆ. ಅದಕ್ಕೆ 2001ರಿಂದ ಇರುವ ಜಿಬಿಐಎಫ್ ಇದೆ, ಜಗತ್ತಿನ ಜೀವಿಗಳ ದಾಖಲೆ ಒಟ್ಟಿಗೆ ಇಟ್ಟ ತಾಣ. ಅಲ್ಲಿಂದ ಇಳಿಸಿಕೊಂಡ ಪ್ರತಿ ಕಡತಕ್ಕೂ ಒಂದು ಡಿಒಐ ಸಂಖ್ಯೆ, ಅಂದರೆ ಬದಲಾಗದ ಗುರುತಿನ ಸಂಖ್ಯೆ, ಕೊಡುತ್ತಾರೆ, ಅದನ್ನೇ ಪ್ರಾಜೆಕ್ಟಿನಲ್ಲಿ ನಮೂದಿಸಬೇಕು. ಹಕ್ಕಿಗಳಿಗೆ ಇಬರ್ಡ್. ರಂಗನತಿಟ್ಟು, ಕುಕ್ಕರಹಳ್ಳಿ, ಕಾರಂಜಿ, ಕೊಕ್ಕರೆ ಬೆಳ್ಳೂರು ಎಲ್ಲದರ ಪಟ್ಟಿಯೂ ಅಲ್ಲಿ ಸಿಗುತ್ತದೆ. ಸಂಶೋಧನೆಗೆ ಪೂರ್ತಿ ದತ್ತಾಂಶ ಬೇಕಾದರೆ ಒಂದು ಅರ್ಜಿ ತುಂಬಬೇಕು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಕೂಡ ನೋಡಿ, ಫೋಟೊ ಸಮೇತ ಇರುತ್ತವೆ.

ನಕ್ಷೆಯ ಮೇಲೆ ಚುಕ್ಕಿ ಕಂಡ ಕೂಡಲೇ ಹಿಗ್ಗಬೇಡಿ. ಮ್ಯೂಸಿಯಂ ಮಾದರಿಯ ಚೀಟಿಯಲ್ಲಿ ಬರೀ ಮೈಸೂರು ಅಂತ ಇದ್ದರೆ ಚುಕ್ಕಿಯನ್ನು ಊರಿನ ನಡುಮಧ್ಯೆ ಇಟ್ಟಿರುತ್ತಾರೆ. ಕಾಡಿನ ಮೀನು ದೇವ್‌ರಾಜ್ ಅರಸ್ ರಸ್ತೆಯಲ್ಲಿ ಈಜುತ್ತಿರುತ್ತದೆ.

ಅಳಿವಿನ ಅಂಚಿನಲ್ಲಿದೆಯಾ ಇಲ್ಲವಾ ಅನ್ನುವುದಕ್ಕೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿ. ಹಳೆಯ ಪ್ರಬಂಧದಿಂದ ಎತ್ತಿ ಬರೆಯಬೇಡಿ, ತಾಣಕ್ಕೇ ಹೋಗಿ ನೋಡಿ. ಮುಂಚೆ ಟಾರ್ ಖುದ್ರಿ ಅಪಾಯದ ಪಟ್ಟಿಯಲ್ಲಿತ್ತು. ಈಗ ಅದರ ಬಗ್ಗೆ ಚಿಂತೆ ಕಮ್ಮಿ ಅಂತ ಬದಲಾಗಿದೆ. ಡುಬ್ಬದ ಮಹಶೀರ್ ಮಾತ್ರ ತೀರಾ ಗಂಡಾಂತರದ ವರ್ಗದಲ್ಲಿದೆ. ಎರಡನ್ನೂ ಮಹಶೀರ್ ಅಂತ ಒಂದೇ ಸಾಲಿನಲ್ಲಿ ಬರೆದರೆ ಆ ಸಾಲೇ ತಪ್ಪು.

ಹೆಜ್ಜೆ 8: ದುಡ್ಡು ಕೇಳಿದರೆ

ಪ್ರಬಂಧ ಸಿಕ್ಕಿತು, ತೆರೆಯಲು ಡಾಲರ್ ಕೇಳುತ್ತಿದೆ. ಕಟ್ಟಬೇಡಿ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. 30 ಪ್ರಕಾಶಕರ ಸುಮಾರು 13 ಸಾವಿರ ಪತ್ರಿಕೆಗಳು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸಿಗುವ ಯೋಜನೆ. 2025ರ ಜನವರಿಯಿಂದ ಜಾರಿಯಲ್ಲಿದೆ. ನಿಮ್ಮದು ಸರ್ಕಾರಿ ಸಂಸ್ಥೆಯಾದರೆ ಲೈಬ್ರರಿಯಲ್ಲಿ ಲಾಗಿನ್ ಕೇಳಿ. ಅದೊಂದು ಇದೆ ಅಂತಲೇ ಗೊತ್ತಿಲ್ಲದೆ ಡಿಗ್ರಿ ಮುಗಿಸಿದವರಿದ್ದಾರೆ.

ಸರ್ಕಾರಿ ಅಲ್ಲದಿದ್ದರೆ ಅನ್‌ಪೇವಾಲ್ ಅನ್ನುವ ಬ್ರೌಸರ್ ತುಣುಕನ್ನು ಹಾಕಿಕೊಳ್ಳಿ. ಕಾನೂನು ಪ್ರಕಾರವೇ ಉಚಿತವಾಗಿ ಸಿಗುವ ಪ್ರತಿ ಎಲ್ಲಾದರೂ ಇದ್ದರೆ ಹಸಿರು ಬೀಗ ತೋರಿಸುತ್ತದೆ. ಸ್ಕಾಲರ್‌ನಲ್ಲಿ 'ಆಲ್ ವರ್ಶನ್ಸ್' ಒತ್ತಿ ನೋಡಿ. ಅದೂ ಆಗಲಿಲ್ಲ ಅಂದರೆ ಲೇಖಕರಿಗೇ ಬರೆಯಿರಿ. ನಾಲ್ಕು ಸಾಲು ಸಾಕು: ನೀವು ಯಾರು, ಏನು ಮಾಡುತ್ತಿದ್ದೀರಿ, ಯಾವ ಪ್ರಬಂಧ ಬೇಕು, ಧನ್ಯವಾದ. ತಮ್ಮ ಕೆಲಸ ಓದುತ್ತೇನೆ ಅಂದರೆ ಯಾರಿಗೆ ಖುಷಿ ಆಗಲ್ಲ, ಅಲ್ವಾ? ಹೆಚ್ಚಿನವರು ಕಳಿಸುತ್ತಾರೆ.

ಹೆಜ್ಜೆ 9: ಹುಡುಕಿದ್ದನ್ನು ಬರೆದಿಡಿ

ಒಂದು ನೋಟ್‌ಬುಕ್ ಇಡಿ. ದಿನಾಂಕ, ಯಾವ ಕಣಜ, ಏನಂತ ಟೈಪ್ ಮಾಡಿದೆ, ಎಷ್ಟು ಬಂತು, ಎಷ್ಟು ಉಪಯೋಗಕ್ಕೆ ಬಂತು. ಐದು ಕಾಲಂ. 'ಯಾರೂ ಅಧ್ಯಯನ ಮಾಡಿಲ್ಲ' ಅಂತ ಬರೆಯುವ ಧೈರ್ಯ ಬರಬೇಕಾದರೆ ಈ ಪುಸ್ತಕ ಕೈಯಲ್ಲಿರಬೇಕು. ಆಗಲೂ 'ಇಷ್ಟು ಕಡೆ ಹುಡುಕಿದೆ, ಸಿಗಲಿಲ್ಲ' ಅಂತ ಬರೆಯಿರಿ. ಯಾರೂ ಬೆರಳಿಡಲಾರರು. ಸಿಕ್ಕ ಪ್ರಬಂಧಗಳನ್ನು ಜೋಡಿಸಿಡಲು ಝೊಟೆರೊ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಕೊನೆಗೆ ಆಕರ ಪಟ್ಟಿಯನ್ನು ಅದೇ ಮಾಡಿಕೊಡುತ್ತದೆ.

ಎರಡು ಎಚ್ಚರಿಕೆ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಬೇಕಾದಷ್ಟಿವೆ. ಒಳ್ಳೆ ಪತ್ರಿಕೆ ಯಾವುದು ಅಂತ ನೋಡಲು ಯುಜಿಸಿಯ ಕೇರ್ ಪಟ್ಟಿ ಇತ್ತು, 2025ರಲ್ಲಿ ಅದನ್ನು ನಿಲ್ಲಿಸಿದರು. ಈಗ ನಿಮ್ಮ ಕಣ್ಣೇ ಗತಿ. ಮೀನಿನ ಹೆಸರೇ ತಪ್ಪಿದ್ದರೆ, ಮಾದರಿ ಎಲ್ಲಿ ಹಿಡಿದದ್ದು ಅಂತ ಇಲ್ಲದಿದ್ದರೆ ಪಕ್ಕಕ್ಕಿಡಿ. ಇನ್ನೊಂದು, ಎಐ ಚಾಟ್‌ಗಳನ್ನು ಕೇಳಿ ಪ್ರಬಂಧದ ಪಟ್ಟಿ ತರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಪದಗಳನ್ನು ಹೊಳೆಯಿಸಿಕೊಳ್ಳಲು ಕೇಳಿ, ತಪ್ಪಿಲ್ಲ. ಆದರೆ ಪಟ್ಟಿ ಕೊಟ್ಟರೆ ಒಂದೊಂದನ್ನೂ ತೆರೆದು ನೋಡಿ. ಇಲ್ಲದ ಪ್ರಬಂಧಕ್ಕೆ ಇರುವ ಲೇಖಕರ ಹೆಸರು ಅಂಟಿಸಿ ಕೊಟ್ಟದ್ದನ್ನು ನಾನೇ ಕಂಡಿದ್ದೇನೆ.

ಕೊನೆಯದಾಗಿ ಸ್ಕಾಲರ್‌ನಲ್ಲಿ ಅಲರ್ಟ್ ಹಾಕಿಬಿಡಿ. ಹೊಸದು ಬಂದಾಗ ಇಮೇಲಿಗೆ ತಾನೇ ಬರುತ್ತದೆ. ನಮ್ಮ ಶ್ರೀರಂಗಪಟ್ಟಣದ ಹುಡುಗಿಯೂ ಹಾಕಿದ್ದಳು. ವಾರ ಕಳೆದು ಬಂದು, "ಸಾರ್, ದಿನಾ ಇಮೇಲ್ ಬರ್ತಿದೆ, ಆದರೆ ಎಲ್ಲ ಸಮುದ್ರದ ಬಲೆ ಸಾರ್" ಎಂದಳು. ಅಲರ್ಟಿನಲ್ಲಿ ಮತ್ತೆ ಬರೀ ಆಟರ್ ಅಂತ ಹಾಕಿದ್ದಳು. ಅಳಿಸಿ ಲ್ಯಾಟಿನ್ ಹೆಸರು ಹಾಕಿಕೊಟ್ಟೆ, ಹಳೆಯದು ಹೊಸದು ಎರಡೂ.